ನೌಬಾದದ ಮನೆಯ ಅರ್ಥಿಂಗ್ ಗುಂಡಿ

ನಮ್ಮ ಮನೆಯ ಅಳಿಯಂದಿರಾದ ಧನರಾಜ ಅವರಿಗೆ, ಭಾಲ್ಕಿಯಿಂದ ನಿಮ್ಮ ಮಾವನು ಮಾಡಿಕೊಳ್ಳುವ ಅರಿಕೆ.

ವಕೀಲರೊಬ್ಬರ ಕಚೇರಿಯಲ್ಲಿ ಕುಳಿತು ಊರವರ ಅರ್ಜಿಗಳ ಶುದ್ಧಪ್ರತಿ ಬರೆಯುವುದರಲ್ಲೇ ನನ್ನ ಆಯುಷ್ಯ ಕಳೆಯಿತೆಂಬುದು ನಿಮಗೆ ತಿಳಿದ ಸಂಗತಿ. ಹೊಲದ ಬದುವಿನ ತಕರಾರು, ವಿಧವೆಯ ಪಿಂಚಣಿ, ನಿಂತುಹೋದ ನಳದ ನೀರು, ಪ್ರತಿಯೊಂದಕ್ಕೂ ಒಂದು ಒಕ್ಕಣೆ ಇತ್ತು. ಯಾರ ಸನ್ನಿಧಿಯಲ್ಲಿ ಇಡಬೇಕೆಂಬುದೂ ಗೊತ್ತಿತ್ತು. ಈ ಕಾಗದವನ್ನು ಯಾವ ಬಾಗಿಲಿಗೆ ಒಯ್ಯಲಿ? ಒಯ್ಯುವ ಬಾಗಿಲಿಲ್ಲವೆಂದು ಬರೆಯದೇ ಇರಲೂ ಆಗುತ್ತಿಲ್ಲ. ನಿಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ನಿಮಗೆ ತಿಳಿಯದೆ ಉಳಿಯಬಾರದು. ಆದ್ದರಿಂದ ಕ್ರಮವಾಗಿ ನಿವೇದಿಸುತ್ತೇನೆ.

ನಿಶ್ಚಯವಾದ ಮೇಲೆ ನೀವು ಮೊದಲ ಸಲ ನಮ್ಮ ಮನೆಗೆ ಬಂದ ಮಧ್ಯಾಹ್ನ ನೆನಪಾಗುತ್ತದೆ. ಯಾವುದೋ ಮದುವೆಯ ಆರ್ಕೆಸ್ಟ್ರಾ ಮುಗಿಸಿ, ಗಿಟಾರನ್ನೂ ಅದರ ಆಂಪ್ಲಿಫೈಯರ್ ಪೆಟ್ಟಿಗೆಯನ್ನೂ ಹೊತ್ತುಕೊಂಡೇ ಬಂದಿದ್ದಿರಿ. ನಿಮ್ಮ ಅತ್ತೆಯ ಒತ್ತಾಯಕ್ಕೆ ಪಡಸಾಲೆಯಲ್ಲಿ ಅದನ್ನು ಹಚ್ಚಿದ ಕೂಡಲೇ ಮನೆಯೆಲ್ಲ ಗುಂಯ್ ಎಂದಿತು.

“ಇದ್ಯಾಕ್ರೀ ಹಿಂಗ್ ಅಂತದ? ಒಳಗ ಜೇನ್ ಹೊಕ್ಕಾವೇನು?” ಎಂದು ನಾನು ಕೇಳಿದೆ.

ನೀವು ನಕ್ಕು, ತಂತಿಗಳ ಮೇಲೆ ಅಂಗೈ ಇಟ್ಟಿರಿ. ಸದ್ದು ಅಡಗಿತು. ಕೈ ತೆಗೆದಿರಿ, ಮತ್ತೆ ಎದ್ದಿತು. “ಇದಕ್ಕ ಕೈ ಬೇಕ್ರಿ ಮಾಮಾ. ಕೈ ಬಿಟ್ರ ಅಳ್ತದ,” ಎಂದಿರಿ. ಒಳಗೆ ರೊಟ್ಟಿ ಬಡಿಯುತ್ತಿದ್ದ ಸುವರ್ಣಾಳ ಕೈ ಆ ಮಾತಿಗೆ ಒಂದು ಗಳಿಗೆ ನಿಂತದ್ದು ನನಗೆ ಕೇಳಿಸಿತು. ಮಗಳು ಒಪ್ಪಿದ್ದಾಳೆಂದು ನನಗೆ ತಿಳಿದದ್ದು ಆಗಲೇ.

ಮದುವೆಯಾದ ಮೇಲೆ ನೀವಿಬ್ಬರೂ ಸಂಸಾರ ಹೂಡಿದ ನೌಬಾದದ ಮನೆಯಲ್ಲಿ ನಿಮ್ಮ ಸಂಜೆಗಳು ಇನ್ನೂ ಕಣ್ಣ ಮುಂದಿವೆ. ಕೊಳಾರದ ಕಾರ್ಖಾನೆಯ ಪಾಳಿ ಮುಗಿಸಿ ಬಂದವರು ಮೊದಲು ಪೆಟ್ಟಿಗೆಯ ಗುಂಡಿ ಒತ್ತಿ, ಆಮೇಲೆ ಕೈಕಾಲು ತೊಳೆಯಲು ಹಿತ್ತಿಲಿಗೆ ಹೋಗುತ್ತಿದ್ದಿರಿ. ನೀವು ಒಳಗೆ ಬರುವವರೆಗೆ ಆ ಗುಂಯ್‌ಗುಡುವಿಕೆ ಮನೆ ತುಂಬಿರುತ್ತಿತ್ತು. ಬೀದಿಯ ತಿರುವಿನಲ್ಲೇ ಕೇಳಿ, ಅಳಿಯಂದಿರು ಬಂದಿದ್ದಾರೆಂದು ನಾನು ಹೆಜ್ಜೆ ಬೇಗ ಹಾಕುತ್ತಿದ್ದೆ. ನೀವು ಬಂದು, ರಬ್ಬರ್ ಚಪ್ಪಲಿ ಮೆಟ್ಟಿಕೊಂಡೇ ಫರಸಿಯ ಕಲ್ಲುಹಾಸಿನ ಮೇಲೆ ನಿಂತು, ತಂತಿಯ ಮೇಲೆ ಕೈ ಇಟ್ಟಾಗ ಸದ್ದು ನಿಲ್ಲುತ್ತಿತ್ತು. ಚಹಾ ಬರುತ್ತಿತ್ತು. ಮಾತು ಶುರುವಾಗುತ್ತಿತ್ತು. ಮನೆಯೊಳಗೆ ಚಪ್ಪಲಿ ಏಕೆಂದು ನಿಮ್ಮ ಅತ್ತೆ ಗೊಣಗಿದರೆ, “ಅರ್ಥಿಂಗ್ ಸರಿ ಇಲ್ರಿ ಅತ್ತಿ. ಈ ಬ್ಯಾಸಗಿ ಕಳೀಲಿ, ಮಾಡಸ್ತೇನಿ,” ಎನ್ನುತ್ತಿದ್ದಿರಿ. ಎಷ್ಟು ಬೇಸಿಗೆ ಕಳೆದವು...

ನೀವು ಬಾರಿಸಲು ಬಂದಿದ್ದ ಔರಾದದ ಒಂದು ಮದುವೆಯನ್ನು ಇಲ್ಲಿ ಉಲ್ಲೇಖಿಸುವುದು ಅವಶ್ಯ. ಭಾಲ್ಕಿಯ ಬೀಗರೊಂದಿಗೆ ನಾನೂ ಬಂದಿದ್ದೆ. ಜನರೇಟರಿನ ಮೇಲೆ ಹಾಡು ಶುರುವಾಗುವ ಮೊದಲೇ ಸ್ಪೀಕರುಗಳೆಲ್ಲ ಒಟ್ಟಿಗೆ ಗುಂಯ್‌ಗುಟ್ಟಿ, ಪೆಂಡಾಲಿನಲ್ಲಿ ಕುಳಿತವರು ಕಿವಿ ಮುಚ್ಚಿಕೊಂಡರು. ನಿಮ್ಮ ಜೊತೆಯ ಡ್ರಮ್ಮಿನವನು ಇಕ್ಕಳ ಹಿಡಿದು ಬಂದ. ಪ್ಲಗ್ಗಿನ ಮೂರನೆಯ ಪಿನ್ನು, ಅರ್ಥಿಂಗಿನ ಆ ದಪ್ಪನೆಯದು, ಅದನ್ನು ಕಿತ್ತರೆ ಸದ್ದು ಹೋಗುತ್ತದೆಂಬುದು ಅವನ ಉಪಾಯ. ನೀವು ಅವನ ಮಣಿಕಟ್ಟು ಹಿಡಿದು ಹೇಳಿದ ಮಾತು ನನ್ನ ಕಿವಿಯಲ್ಲೇ ಇದೆ: “ಅದನ್ ಕೀಳಬ್ಯಾಡೋ. ಸದ್ದೂ ಹೋಗ್ತದ, ಅದರ ಬೆನ್ನಹತ್ತಿ ಮನುಷ್ಯಾನೂ ಹೋಗ್ತಾನ.”

ಆಮೇಲೆ ನೀವು ಕೈ ತೊಳೆಯುವ ಜಾಗದ ಹಸಿ ನೆಲದಲ್ಲಿ ಕಬ್ಬಿಣದ ಸಲಾಕೆಯೊಂದನ್ನು ಸುತ್ತಿಗೆಯಿಂದ ಬಡಿದು ಇಳಿಸತೊಡಗಿದಿರಿ. ಹೆಣ್ಣಿನ ಸೋದರಮಾವ ರುಮಾಲು ಸರಿಪಡಿಸಿಕೊಳ್ಳುತ್ತ ಬಂದು, “ಏನ್ರಪಾ, ಮದುವ್ಯಾಗ ಬಾರಸ್ಲಾಕ ಬಂದೀರೋ, ಬೋರ್ ಹೊಡಿಲಾಕ ಬಂದೀರೋ?” ಎಂದರು.

“ನೀರ್ ಬಿದ್ರ ನಿಮಗೇ ಬಿಟ್ ಹೋಗ್ತೇವ್ರಿ ಕಾಕಾ, ಅಕ್ಷತಾ ಜೊತಿ,” ಎಂದು ನೀವು ತಲೆ ಎತ್ತದೆ ಹೇಳಿದಿರಿ. ಸಲಾಕೆಗೆ ತಂತಿ ಕಟ್ಟಿ, ಬುಡಕ್ಕೆ ಕೊಡ ನೀರು ಸುರಿದಾಗ ಸದ್ದು ನೆಲಕ್ಕಿಳಿದಂತೆ ತಗ್ಗಿತು. ಮನೆಗೆ ಬಂದು ಬೋರಿನ ಮಾತನ್ನು ಹೇಳಿ ಎಲ್ಲರನ್ನೂ ನಗಿಸಿದಿರಿ. ಪಿನ್ನಿನ ಮಾತನ್ನು ಮಾತ್ರ ಹೇಳಲಿಲ್ಲ. ಮನೆಯವರಿಗೆ ಭಯವಾದೀತೆಂದು ಇರಬಹುದೆ?

ಕಾರ್ಖಾನೆಯಿಂದ ಆ ಫೋನು ಬಂದ ಬೆಳಗನ್ನು ಕುರಿತು ನನಗೆ ಒಕ್ಕಣೆ ಸಿಗುತ್ತಿಲ್ಲ. ಪಾಳಿಯ ನಡುವೆ ನೀವು ಎದೆ ಹಿಡಿದುಕೊಂಡು ಕುಳಿತಿರಂತೆ, ನೀರು ಕೇಳಿದಿರಂತೆ, ನೀರು ತರುವಷ್ಟರಲ್ಲಿ... ಇಷ್ಟು ಮಾತ್ರ ನಮಗೆ ತಿಳಿದದ್ದು. ನಿಮಗಿಂತ ಇಷ್ಟೊಂದು ಹಿರಿಯನಾದ ನಾನು ಹೆಗಲು ಕೊಡಬೇಕಾಯಿತು. ಇದು ಯಾವ ನ್ಯಾಯ?

ಕರ್ಮಾದಿಗಳು ಮುಗಿದ ಮೇಲೆ ಸುವರ್ಣಾಳನ್ನು ಭಾಲ್ಕಿಗೆ ಕರೆದೆವು, ಬರಲೊಲ್ಲೆನೆಂದಳು. ಆದಕಾರಣ ನಾನೇ ಪ್ರತಿ ಭಾನುವಾರ ಬಸ್ಸು ಹಿಡಿದು ನೌಬಾದಕ್ಕೆ ಹೋಗಿಬರತೊಡಗಿದೆ. ಹಾಗೆ ಹೋದ ಒಂದು ಸಂಜೆ, ಬೀದಿಯ ತಿರುವಿನಲ್ಲಿ ಆ ಸದ್ದು ಕೇಳಿಸಿತು. ನಂಬುತ್ತೀರೋ ಇಲ್ಲವೋ, ನನ್ನ ಕಾಲು ತಾನಾಗಿ ಬೇಗ ಹೆಜ್ಜೆ ಹಾಕಿತು. ನಾಲ್ಕು ಮನೆ ದಾಟಿದ ಮೇಲೆ ನೆನಪು ಬಂದು ನಿಂತೆ.

ಒಳಗೆ ಗಿಟಾರು ಗೋಡೆಗೆ ಒರಗಿತ್ತು. ಪೆಟ್ಟಿಗೆಯ ಕೆಂಪು ದೀಪ ಉರಿಯುತ್ತಿತ್ತು. ಸುವರ್ಣಾ ಮುಂದೆ ಮೊರ ಇಟ್ಟುಕೊಂಡು ಮೆಂತೆ ಸೊಪ್ಪು ಬಿಡಿಸುತ್ತಿದ್ದಳು. ಪೆಟ್ಟಿಗೆಯನ್ನು ಆರಿಸಲು ನಾನು ಕೈ ಚಾಚಿದೆ.

“ಇರ್ಲಿ ಅಪ್ಪಾ. ಕೂಡ್ರಿ,” ಎಂದಳು. “ಕೈಕಾಲ್ ತೊಳಿಲಾಕ ಹೋಗ್ಯಾರ ಅಂತ ತಿಳಕೋರಿ. ನಾ ಹಂಗೇ ತಿಳಕೊಂಡೇನಿ.”

ಅವಳ ಬುದ್ಧಿ ಕೆಟ್ಟಿರಲಿಲ್ಲ, ಅಳಿಯಂದಿರೆ. ನೀವು ಬರುವುದಿಲ್ಲವೆಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅಡುಗೆಯಾಗುವವರೆಗೆ ಅದು ಗುಂಯ್ ಎನ್ನುತ್ತಿತ್ತು. ಊಟಕ್ಕೆ ಏಳುವಾಗ ತಂತಿ ಮುಟ್ಟದೆ, ಗುಂಡಿ ಒತ್ತಿ ಆರಿಸುತ್ತಿದ್ದಳು. ಬೇಡವೆನ್ನಲು ನಾನು ಯಾರು?

ಹೋಳಿಯ ನಂತರದ ಒಂದು ಭಾನುವಾರ ನಾನು ಮುಖ ತೊಳೆದು ಒದ್ದೆ ಕೈಯಲ್ಲೇ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಲು ಹೋದೆ. ಬರಿಗಾಲು, ಕಲ್ಲು ಹಾಸು. ಮೊಣಕೈವರೆಗೆ ಯಾರೋ ಬಡಿದಂತಾಗಿ ಹಿಂದಕ್ಕೆ ಬಿದ್ದೆ. ಸುವರ್ಣಾ ಓಡಿಬಂದವಳು, “ಅಲ್ಲಿ ಮುಟ್ಟಬ್ಯಾಡ್ರಿ ಅಪ್ಪಾ, ಅದು ಜುಮ್ ಅಂತದ. ನಂಗ ರೂಢಿ ಆಗ್ಯದ,” ಎಂದಳು. ರೂಢಿ! ನಿಮ್ಮ ರಬ್ಬರ್ ಚಪ್ಪಲಿಯ ಅರ್ಥ ಆ ಹೊತ್ತಿಗೆ ನನ್ನ ತಲೆಗೆ ಹೊಳೆಯಿತು.

ಮರುದಿನವೇ ಎಲೆಕ್ಟ್ರಿಷಿಯನ್ ಮಹಬೂಬನನ್ನು ಕರೆಸಿದೆ. ಬೆಳಿಗ್ಗೆ ಬರುತ್ತೇನೆಂದವನು ಮಧ್ಯಾಹ್ನದ ಊಟ ಮುಗಿಸಿ ಬಂದ. ನಿಮಗೆ ಅವನ ಪರಿಚಯವಿತ್ತಲ್ಲ. ಪ್ಲಗ್ಗಿನ ತೂತುಗಳಿಗೆ ಬಲ್ಬಿನ ತಂತಿ ಹಚ್ಚಿ ಪರೀಕ್ಷಿಸಿ, “ಚಾಚಾ, ಈ ಮನಿಗಿ ಅರ್ಥಿಂಗೇ ಇಲ್ಲ. ಸೋರಿದ ಕರೆಂಟ್ ನೆಲಕ್ಕ ಇಳಿಲಾಕ ದಾರಿನೇ ಇಲ್ಲ. ಗುಂಡಿಯಾಗಿನ ಪೈಪ್ ಜಂಗ್ ತಿಂದು ಮಣ್ಣಾಗ್ಯದ. ಪ್ಲಗ್ಗಿನ ಮೂರನೇ ತೂತು ಬರೇ ಬೀಗರಿಗಿ ತೋರಸ್ಲಾಕ!” ಎಂದು ತಾನೇ ನಕ್ಕ. ಗಿಟಾರಿನ ತಂತಿಗೂ ಪೆಟ್ಟಿಗೆಯ ಮೈಗೂ ಒಳಗೇ ಸಂಬಂಧವಿರುವುದರಿಂದ, ಗಿಟಾರು ಮುಟ್ಟಿದರೂ ಅಪಾಯವೇ ಎಂದ.

ಸುವರ್ಣಾ ಬಾಗಿಲಲ್ಲಿ ನಿಂತಿದ್ದಳು. “ಹೊಸಾದು ಮಾಡಿದ್ರ ಈ ಸದ್ದು ಏನಾಗ್ತದ, ಭಾಯ್?”

“ಪೂರಾ ಬಂದ್, ಬೆಹನ್! ಗ್ಯಾರಂಟಿ ನಂದು. ಸೂಜಿ ಬಿದ್ರ ಕೇಳ್ತದ.”

“ಹಂಗಾದ್ರ ಬ್ಯಾಡ,” ಎಂದು ಅವಳು ಒಳಗೆ ಹೋದಳು. ಮಹಬೂಬ ತಾನೇನು ತಪ್ಪು ಆಡಿದೆನೆಂದು ತಿಳಿಯದೆ ನನ್ನ ಮುಖ ನೋಡಿದ.

ಅಂದು ಸಂಜೆಯವರೆಗೆ ನಾನು ವಾದಿಸಿದೆ. ಜೀವಕ್ಕೆ ಒದಗಬಹುದಾದ ಅಪಾಯ, ಹೆತ್ತವರ ಕರ್ತವ್ಯ, ಮಳೆಗಾಲದ ಥಂಡಿ ಗೋಡೆ, ಎಲ್ಲವನ್ನೂ ಕ್ರಮವಾಗಿ ಅವಳ ಮುಂದಿಟ್ಟೆ.

“ಅಪ್ಪಾ, ತಹಶೀಲ್ದಾರಗ ಅರ್ಜಿ ಓದಿದಂಗ ಓದಬ್ಯಾಡ್ರಿ ನನಗ,” ಎಂದಳು. “ಅವರು ಎಂದೂ ಹಾಡ್ಲಿಲ್ಲ, ಬರೇ ಬಾರಸಿದ್ರು. ಫೋನಿನಾಗೂ ಅವರ ದನಿ ಇಲ್ಲ. ಫೋಟೋ ಅದ, ಅದು ಮಾತಾಡ್ತದೇನು? ಈ ಮನ್ಯಾಗ ಅವರಂಗ ಇರೋದು ಇದೊಂದೇ. ಇದನ್ನೂ ಮಣ್ಣಾಗ ಇಳಸ್ತೀರಿ?”

ಬಹಳ ಹೊತ್ತಿನ ಮೇಲೆ, ವಾದಿಸಬೇಕೆಂದೂ ಅಲ್ಲ, ನಿಮ್ಮ ಕುರಿತೇ ಏನಾದರೂ ಮಾತಾಡಬೇಕೆನ್ನಿಸಿ, ಔರಾದದ ಮದುವೆಯ ಸಂಗತಿ ಎತ್ತಿದೆ. ಸೋದರಮಾವನ ಬೋರಿನ ಮಾತಿಗೆ ಅವಳು ನಕ್ಕಳು. ನೀವು ಹೋದ ಮೇಲೆ ಅವಳ ನಗು ಕೇಳಿದ್ದು ಅದೇ ಮೊದಲು. ಆಮೇಲೆ, ಅವಳು ಎಂದೂ ಕೇಳದಿದ್ದ ಭಾಗವನ್ನು ಹೇಳಿದೆ: ಇಕ್ಕಳ, ಹಿಡಿದ ಮಣಿಕಟ್ಟು, ಬೆನ್ನಹತ್ತಿ ಹೋಗುವ ಮನುಷ್ಯ.

ಅವಳು ನನ್ನ ಕಡೆ ತಿರುಗಿದಳು. “ಹಂಗ ಅಂದಿದ್ರೇನು ಅವರು?”

“ಅಂದ್ರವ್ವ. ನಾ ಅಲ್ಲೇ ನಿಂತಿದ್ದೆ.”

“ಅವರಿಗಿ ಇದು ಸೇರತಿದ್ದಿಲ್ಲ ಅಂದಂಗಾತು, ನಾ ಹಿಂಗ ಕೂಡೋದು,” ಎಂದಳು. ಸೆರಗಿನಲ್ಲಿ ಮುಖ ಒತ್ತಿಕೊಂಡಳು. “ಮಾಡಸ್ರಿ,” ಎಂಬ ಮಾತು ಬಟ್ಟೆಯೊಳಗಿಂದ ಬಂತು.

ಗುಂಡಿ ತೋಡಿದ ದಿನ ಹಿತ್ತಿಲೆಲ್ಲ ಕೆಂಪಾಗಿತ್ತು. ನಮ್ಮ ಬೀದರಿನ ಕೆಂಪು ಮುರುಮು ಮಣ್ಣು ನಿಮಗೆ ಗೊತ್ತೇ ಇದೆ. ಹಾರೆ ಹಾಕಿದರೆ ಹಾರೆಯೇ ನೋಯುವ ನೆಲ. ಪೈಪು ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿ, ನೀರು ಹೊಯ್ದರು. ಗುಂಡಿಗೆ ಉಪ್ಪು ಹಾಕುವುದನ್ನು ನೋಡಿ ಸುವರ್ಣಾ ಮುಖ ತಿರುಗಿಸಿದಳು. ನಿಮ್ಮನ್ನು ಮಣ್ಣಿಗಿಟ್ಟ ದಿನ ಆ ಗುಂಡಿಗೂ ಉಪ್ಪು ಹಾಕಿದ್ದೆವು...

ಸಂಜೆ ಮಹಬೂಬ ಒಳಗೆ ಬಂದು, ತಂತಿ ಜೋಡಿಸಿ, ಪೆಟ್ಟಿಗೆಯ ಗುಂಡಿ ಒತ್ತಿದ. ಏನೂ ಇಲ್ಲ. ಕೆಂಪು ದೀಪ ಉರಿಯುತ್ತಿದೆಯೇ ಎಂದು ಸುವರ್ಣಾ ಪೆಟ್ಟಿಗೆಯ ಕಡೆ ನೋಡಿದಳು. ಮುಸ್ಸಂಜೆಯಾಗಿತ್ತೆಂದು ಮಹಬೂಬ ಟ್ಯೂಬ್‌ಲೈಟ್ ಹಾಕಿದ. ದೂರದಲ್ಲೆಲ್ಲೋ ಒಂದೇ ದುಂಬಿ ಹಾರಿದಂತೆ, ಸಣ್ಣಗೆ ಗುಂಯ್ ಎಂದಿತು.

ಗ್ಯಾರಂಟಿ ಕೊಟ್ಟವನ ಮುಖ ಕೆಟ್ಟಿತು. “ಯಾ ಅಲ್ಲಾ, ಎಲ್ಲಾ ಬರೋಬರ್ ಅದ, ಮತ್ತ ಇದೆಲ್ಲಿಂದ ಬಂತು?” ಎನ್ನುತ್ತ ಗಿಟಾರಿನ ತಿರುಪು ಬಿಚ್ಚಲು ಹೊರಟ.

“ಬಿಡ್ರಿ ಭಾಯ್,” ಎಂದಳು ಸುವರ್ಣಾ. “ಟ್ಯೂಬ್‌ಲೈಟ್ ಹಚ್ಚಿದ್ರ ಅದು ಹಿಂಗೇ. ಗಿಟಾರಿನ ಸ್ವಭಾವನೇ ಅದು ಅಂತಿದ್ರು. ಅದಕ್ಕ ಮದ್ದಿಲ್ಲ.” ದೀಪ ಆರಿಸಲೇ ಎಂದು ಅವನು ಕೇಳಿದ. ಬೇಡವೆಂದಳು. ಬಗ್ಗಿ, ಬರಿಗಾಲಲ್ಲೇ ನಿಂತು, ಮೊದಲ ಸಲ ತಂತಿಗಳ ಮೇಲೆ ಅಂಗೈ ಇಟ್ಟಳು. ಜುಮ್ ಎನ್ನಲಿಲ್ಲ. ಸದ್ದು ಇನ್ನಷ್ಟು ತಗ್ಗಿ, ಇದೆಯೋ ಇಲ್ಲವೋ ಎನ್ನುವಷ್ಟಾಯಿತು.

ಈಗ ನಿಮಗೆ ತಿಳಿಸಬೇಕಾದ ಸಮಾಚಾರ ಇದು: ಬೀದಿಯ ತಿರುವಿನಲ್ಲಿ ನಿಂತರೆ ಆ ಸದ್ದು ಇನ್ನು ಕೇಳಿಸುವುದಿಲ್ಲ. ನನ್ನ ಕಾಲುಗಳು ಅಲ್ಲಿ ತಮ್ಮ ಪಾಡಿಗೆ ನಿಧಾನ ನಡೆಯುತ್ತವೆ. ಮನೆಯೊಳಗೆ ಸಂಜೆ ಪೆಟ್ಟಿಗೆ ಇಂದಿಗೂ ಹಚ್ಚುತ್ತಾಳೆ. ಆದರೆ ಊಟದ ಹೊತ್ತಿಗೆ ಮೊದಲಿನಂತೆ ಗುಂಡಿ ಒತ್ತಿ ಆರಿಸುವುದಿಲ್ಲ. ತಂತಿಯ ಮೇಲೆ ಕೈ ಇಟ್ಟು, ಸ್ವಲ್ಪ ಹೊತ್ತು ಹಾಗೇ ನಿಂತು, ಆಮೇಲೆ ಆರಿಸುತ್ತಾಳೆ. ದುಃಖ ಕಡಿಮೆಯಾಗಿದೆಯೆಂದು ನಾನು ಬರೆಯಲಾರೆ. ಸುಳ್ಳು ಒಕ್ಕಣೆಗೆ ನಾನು ಎಂದೂ ರುಜು ಹಾಕಿಸಿದವನಲ್ಲ.

ಬೇಸಿಗೆಯಲ್ಲಿ ಮುರುಮು ಒಣಗಿದರೆ ಅರ್ಥಿಂಗ್ ಕೆಲಸ ಮಾಡದು, ಗುಂಡಿಗೆ ನೀರು ಹಾಕುತ್ತಿರಬೇಕೆಂದು ಮಹಬೂಬ ಹೇಳಿ ಹೋಗಿದ್ದಾನೆ. ಆ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ. ಭಾಲ್ಕಿಯಿಂದ ಬರುವ ಶಕ್ತಿ ಇರುವ ತನಕ ಭಾನುವಾರದ ಕೊಡ ತಪ್ಪುವುದಿಲ್ಲ, ಇದು ನಿಮಗೆ ಕೊಟ್ಟ ಮಾತು. ಗುಂಡಿ ಇರುವುದು ನೀವು ಕೈಕಾಲು ತೊಳೆಯುತ್ತಿದ್ದ ಕಲ್ಲಿನ ಪಕ್ಕದಲ್ಲೇ, ಕಿಟಕಿಯ ಕೆಳಗೆ. ನೀರು ಹೊಯ್ಯುವಾಗ ಒಳಗಿನ ಸಣ್ಣ ಗುಂಯ್ ನನಗೆ ಕೇಳುತ್ತಿರುತ್ತದೆ. ಒಮ್ಮೊಮ್ಮೆ ನೀರು ಹೊಯ್ಯುತ್ತಿರುವಾಗಲೇ ಅದು ತಗ್ಗುತ್ತದೆ. ಯಾರ ಕೈಯೆಂದು ನನಗೆ ಗೊತ್ತು. ಆದರೂ ಕೊಡ ಬರಿದಾಗುವವರೆಗೆ ನಾನು ತಲೆಯೆತ್ತಿ ಕಿಟಕಿಯ ಕಡೆ ನೋಡುವುದಿಲ್ಲ.