ಕೊನೆಯ ಪುಟದ ಮೇಲೆ ನಿಮ್ಮ ಮೊಹರು

ಮಾನ್ಯ ಶಾಲಾ ತಪಾಸಣಾಧಿಕಾರಿಗಳೇ,

ಕಳೆದ ಮಂಗಳವಾರ ನೀವು ನಮ್ಮ ಬೀದಿಯ ಪ್ರಾಥಮಿಕ ಶಾಲೆಗೆ ಬಂದಿರಿ. ಎರಡನೇ ತರಗತಿಯ ಕಿಟಕಿಗೆ ಕಟ್ಟಿದ್ದ ಹಗ್ಗದಿಂದ ಮೂವತ್ತೊಂದು ಪುಸ್ತಕಗಳನ್ನು ಇಳಿಸಿ, ಒಂದೊಂದಕ್ಕೂ ‘ತಿರಸ್ಕೃತ’ ಎಂದು ಮೊಹರು ಒತ್ತಿ, ಕಬ್ಬಿಣದ ಬೀರುವಿಗೆ ತುಂಬಿಸಿ ಬೀಗ ಜಡಿದು ಹೋದಿರಿ. ಆ ಪುಸ್ತಕಗಳು ಸರ್ಕಾರದವಲ್ಲ, ಶಾಲೆಯವೂ ಅಲ್ಲ. ಮಕ್ಕಳೂ ನಾನೂ ಕೂತು ಮಾಡಿದವು. ಬೀಗದ ಕೈ ನಿಮ್ಮ ಜೇಬಿನಲ್ಲಿದೆಯಂತೆ. ಅದನ್ನು ಕೇಳಲು ಈ ಪತ್ರ. ನಿಮ್ಮ ಕಚೇರಿಗೇ ಕಳಿಸಬಹುದಿತ್ತು, ಆದರೆ ಇದಕ್ಕೂ ಮೊಹರು ಬಿದ್ದೀತೆಂದು ಪತ್ರಿಕೆಗೆ ಕೊಟ್ಟಿದ್ದೇನೆ.

ನಾನು ಯಾರೆಂದು ನಿಮಗೆ ನೆನಪಿರಲಿಕ್ಕಿಲ್ಲ. ನೆಲದ ಮೇಲೆ ಕತ್ತರಿ ಹಿಡಿದು ಕೂತಿದ್ದ ಮುದುಕಿ. ಕಾಗದದ ಚೂರುಗಳನ್ನು ತೋರಿಸಿ, “ಈ ಕಸ ಗುಡಿಸೋರು ನೀವೇನಾ?” ಎಂದು ಕೇಳಿದಿರಲ್ಲ, ಅವಳೇ. ಗುಡಿಸುವವಳೂ ನಾನೇ, ಅದರಲ್ಲಿ ನನಗೇನೂ ಸಂಕೋಚವಿಲ್ಲ. ಆದರೆ ಮೂವತ್ತು ವರ್ಷ ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕ ಹೊಲಿದವಳೂ ನಾನೇ. ಬೆನ್ನು ಮುಟ್ಟಿ ನೋಡಿ ಪುಸ್ತಕದ ಆಯುಷ್ಯ ಹೇಳಬಲ್ಲೆ. ನೀವು ಅನುಮೋದಿಸಿದ ಪಠ್ಯಪುಸ್ತಕದ ಬೆನ್ನನ್ನೂ ಮುಟ್ಟಿ ನೋಡಿದ್ದೇನೆ. ಹೊಲಿಗೆಯೇ ಇಲ್ಲ, ಬರೀ ಅಂಟು. ಮೂರನೆಯ ಪಾಠಕ್ಕೆ ಬರುವಷ್ಟರಲ್ಲಿ ಮೊದಲ ಪಾಠ ಕಿತ್ತು ಕೈಗೆ ಬರುತ್ತದೆ. ಹಾಗಾಗಬಾರದೆಂದೋ ಏನೋ, ಶಾಲೆಯವರು ಅವನ್ನೂ ಅದೇ ಬೀರುವಿನಲ್ಲಿ ಕಟ್ಟು ಬಿಚ್ಚದೆ ಇಟ್ಟಿದ್ದಾರೆ. ಈಗ ಅನುಮೋದಿತವೂ ತಿರಸ್ಕೃತವೂ ಒಂದೇ ಕತ್ತಲಲ್ಲಿ ಮಲಗಿವೆ. ಮಕ್ಕಳ ಕೈಗೆ ಯಾವುದೂ ಇಲ್ಲ. ಇದಕ್ಕಿಂತ ಶಿಸ್ತಾದ ತರಗತಿ ಬೇಕೆ?

ಈ ಪುಸ್ತಕಗಳು ಹೇಗೆ ಹುಟ್ಟಿದವೆಂದು ನೀವು ಕೇಳಲಿಲ್ಲ. ಆದರೂ ಹೇಳುತ್ತೇನೆ. ನನ್ನ ಮಗಳ ಮಗಳು ಮಾತಿನಲ್ಲಿ ಅರಳು ಹುರಿದ ಹಾಗೆ. ಅಚ್ಚಾದ ಪುಸ್ತಕ ಕಂಡರೆ ಮಾತ್ರ ಮೇಜಿನ ಕೆಳಗೆ ನುಸುಳುತ್ತಿದ್ದಳು. ಒಂದು ವರ್ಷ ಪೂರ್ತಿ ಹಾಗೇ ಕಳೆಯಿತು. ಇವಳಿಗೆ ಓದು ಹತ್ತುವುದಿಲ್ಲ ಎಂದು ನನ್ನ ಅಳಿಯನೂ ಕೈಚೆಲ್ಲಿದ. ಒಂದು ದಿನ ಅಡುಗೆಮನೆಯಲ್ಲಿ ಹಾಲು ಚೆಲ್ಲಿ, ಕೇಳುವ ಮೊದಲೇ ವರದಿ ಒಪ್ಪಿಸಿದಳು: “ಬೆಕ್ಕು ಚೆಲ್ತು. ನಾನಲ್ಲ.” ನಾನು ಬೈಯಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆ ಮಡಚಿ, ದಬ್ಬಳದಿಂದ ಮೂರು ತೂತು ಹಾಕಿ, ದಾರ ಎಳೆದು ಅಂಗೈಯಗಲದ ಪುಸ್ತಕ ಮಾಡಿದೆ. ಅವಳ ಮಾತನ್ನೇ ಪುಟಕ್ಕೆ ಒಂದರಂತೆ ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ಬೆರಳಿಟ್ಟು ಓದಿದಳು. ತನ್ನ ಸುಳ್ಳನ್ನು ತಾನೇ ಓದಲು ಯಾರಿಗೆ ತಾನೇ ಕಷ್ಟ? ವರದಿ ಬರೆಯುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವಳು ಅದನ್ನು ಶಾಲೆಗೆ ಒಯ್ದು ತೋರಿಸಿದ ಮೇಲೆ, ಅವಳ ಟೀಚರಮ್ಮ ನನ್ನನ್ನು ತರಗತಿಗೇ ಕರೆದರು. ಚಪ್ಪಲಿ ಡಬ್ಬದ ರಟ್ಟು, ಮೈದಾ ಅಂಟು, ಮಕ್ಕಳ ಬಾಯಿಯ ಮಾತು. ಬಂಡವಾಳ ಇಷ್ಟೇ. ಒಂದು ಪುಸ್ತಕವನ್ನು ನೀವು ತುದಿ ಹಿಡಿದು ಎತ್ತಿದಾಗ ಅದು ಮಡಿಕೆ ಬಿಚ್ಚಿಕೊಂಡು ನಿಮ್ಮ ಬೂಟಿನವರೆಗೂ ಇಳಿಯಿತು. “ಇದೇನು, ಪುಸ್ತಕಾನೋ ಹಗ್ಗಾನೋ?” ಎಂದಿರಿ. ಮುಂದಿನ ಸಾಲಿನ ಹುಡುಗ, “ರೈಲು ಸಾರ್. ನೀವು ಇಂಜಿನ್ ಹಿಡ್ಕೊಂಡಿದೀರಿ,” ಎಂದು ಮರ್ಯಾದೆಯಿಂದಲೇ ಹೇಳಿದ. ಆಗ ನೀವು ನನ್ನ ಕಡೆ ತಿರುಗಿ, “ಎಷ್ಟು ಓದಿದೀರಮ್ಮಾ?” ಎಂದಿರಿ. ಹತ್ತನೇ ಕ್ಲಾಸು ಎಂದೆ. “ಅದಕ್ಕೇ,” ಎಂದಿರಿ. ಆ ಮೂರಕ್ಷರವನ್ನು ನಾನು ಮನೆಗೆ ಕೊಂಡೊಯ್ದಿಲ್ಲ. ಅಲ್ಲೇ ಕಸದ ಜೊತೆ ಗುಡಿಸಿ ಬಂದೆ.

ನಿಮ್ಮ ವರದಿಯನ್ನು ಟೀಚರಮ್ಮ ಓದಿ ಹೇಳಿದರು. ಅನುಮೋದನೆ ಸಂಖ್ಯೆ ಇಲ್ಲ. ನಿಜ. ಒಂದು ಬದಿ ಬಳಸಿದ ಕಾಗದ. ಅದೂ ನಿಜ. ಎಲ್ಲ ಪುಸ್ತಕಗಳ ಕೊನೆಯ ಪುಟ ಖಾಲಿ, ಆದ್ದರಿಂದ ಅಪೂರ್ಣ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಹಿಂದೆಯೂ ಇದ್ದರು ಎಂದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಆ ಖಾಲಿ ಪುಟ ನಮ್ಮ ತರಗತಿಯ ಕಾನೂನು. ಒಂದು ಮಗು ಬರೆದ ಪುಸ್ತಕವನ್ನು ಇನ್ನೊಬ್ಬರು ಮೊದಲಿಂದ ಕೊನೆಯವರೆಗೆ ಓದಬೇಕು. ಓದಿ ಮುಗಿಸಿದವರಿಗೆ ಮಾತ್ರ ಕೊನೆಯ ಪುಟದಲ್ಲಿ ಬರೆಯುವ ಹಕ್ಕು. ಅಲ್ಲಿ ಬರೆದ ಮಾತಿನಿಂದಲೇ ಆ ಮಗು ತನ್ನ ಮುಂದಿನ ಪುಸ್ತಕ ಶುರು ಮಾಡಬೇಕು. ಹಗ್ಗದ ಮೇಲಿದ್ದವೆಲ್ಲ ಇನ್ನೂ ಓದುವವರಿಗಾಗಿ ಕಾಯುತ್ತಿದ್ದ ಪುಸ್ತಕಗಳು. ನೀವು ಮೂವತ್ತೊಂದು ಮೊಹರನ್ನೂ ಒತ್ತಿದ್ದು ಸರಿಯಾಗಿ ಆ ಪುಟದ ಮೇಲೆ. ಖಾಲಿ ಜಾಗ ಕಂಡರೆ ಅಧಿಕಾರದ ಕೈ ತಡೆಯುತ್ತದೆಯೇ?

ಈಗ ಒಂದು ತಪ್ಪೊಪ್ಪಿಗೆ. ಬೀರುವಿನಲ್ಲಿರುವುದು ಮೂವತ್ತೇ. ಒಂದನ್ನು ನನ್ನ ಮೊಮ್ಮಗಳು ಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡು ತಂದಿದ್ದಾಳೆ. ಅದು ಅವಳದೇ ಬೆಕ್ಕಿನ ಪುಸ್ತಕ. ವಾರವಿಡೀ ಅದನ್ನು ಓದಲು ಯಾರೂ ಸಿಕ್ಕಿರಲಿಲ್ಲ, ಕೊನೆಯ ಪುಟ ಖಾಲಿಯೇ ಇತ್ತು. ಮನೆಗೆ ಬಂದವಳೇ ಮೊಹರಿನ ಮೇಲೆ ಬೆರಳಿಟ್ಟು, ನಾಲ್ಕು ಸಲ ಎಡವಿ, ಐದನೇ ಸಲಕ್ಕೆ ಆ ಪದವನ್ನು ಪೂರ್ತಿ ಓದಿದಳು. ಹೋದ ವರ್ಷ ಮೇಜಿನ ಕೆಳಗಿದ್ದ ಹುಡುಗಿ. ಮುಖ ಅರಳಿತ್ತು.

“ಅಜ್ಜೀ, ದೊಡ್ಡ ಸಾರು ನನ್ ಪುಸ್ತಕ ಪೂರ್ತಿ ಓದಿದ್ರಾ?” ಎಂದಳು.

ನಾನು ಪುಸ್ತಕ ಈಸಿಕೊಂಡು ಅದರ ಬೆನ್ನಿನ ದಾರ ಬಿಗಿ ಮಾಡತೊಡಗಿದೆ.

“ಹಾಗಂದ್ರೆ ಏನಜ್ಜಿ, ಅವರು ಬರ್ದಿರೋದು?”

ಗೊತ್ತಿಲ್ಲ ಪುಟ್ಟಾ, ಬರೆದವರನ್ನೇ ಕೇಳಬೇಕು ಎಂದೆ. ಈ ಎಪ್ಪತ್ತೊಂದರ ವಯಸ್ಸಿನಲ್ಲಿ ನಾನು ಆ ಮಗುವಿಗೆ ಹೇಳಿದ ಮೊದಲ ಸುಳ್ಳು ಅದು. ಬೆಕ್ಕಿನ ಮೇಲೆ ಹಾಕಲೂ ಆಗುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಬರುವ ಮಂಗಳವಾರ ಬೀಗದ ಕೈ ತೆಗೆದುಕೊಂಡು ಬನ್ನಿ. ಮೂವತ್ತು ಪುಸ್ತಕಗಳನ್ನು ಹಗ್ಗಕ್ಕೆ ವಾಪಸು ನೇತುಹಾಕಿ. ಆಮೇಲೆ ಮಕ್ಕಳ ಮಣೆಯ ಮೇಲೆ ಕೂತು ಬೆಕ್ಕಿನ ಪುಸ್ತಕವನ್ನು ಪೂರ್ತಿ ಓದಿ. ಆರೇ ಪುಟ. ಓದಿದ ಮೇಲೂ ಆ ಪದವೇ ಸರಿ ಎನಿಸಿದರೆ, ಅದರ ಅರ್ಥವನ್ನು ನೀವೇ ಅವಳಿಗೆ ಹೇಳಿ. ನಾನು ಪಕ್ಕದಲ್ಲೇ ಇರುತ್ತೇನೆ, ಬಾಯಿ ಹಾಕುವುದಿಲ್ಲ.

ತಡ ಮಾಡಬೇಡಿ. ಕಾನೂನಿನಂತೆ ಅವಳು ಹೊಸ ಪುಸ್ತಕ ಹೊಲಿದು, ಮೊದಲ ಪುಟದಲ್ಲಿ ನಿಮ್ಮ ಪದವನ್ನು ಒಂದೂ ತಪ್ಪಿಲ್ಲದೆ ಬರೆದಿಟ್ಟಿದ್ದಾಳೆ. ಮುಂದೇನು ಬರೆಯಬೇಕೆಂದು ತಿಳಿಯದೆ, ಪೆನ್ಸಿಲ್ ಹಿಡಿದು ನಿಮ್ಮ ದಾರಿ ಕಾಯುತ್ತಿದ್ದಾಳೆ.

ಇಂತಿ,
ನಿಮ್ಮ ಮೊಹರಿಗೆ ಅರ್ಥ ಹೇಳಲಾರದೆ ಮೊಮ್ಮಗಳ ಮುಂದೆ ದಡ್ಡಿಯಾದ,
ಹತ್ತನೇ ಕ್ಲಾಸಿನ ಅಜ್ಜಿ