ಇಯರ್‌ಫೋನ್ ತೆಗೆದ ಮೇಲೆ ಓದಿ

ರೀ,

ಇನ್ನೊಬ್ಬರ ಅಂಗಡಿಯಲ್ಲಿ ಮಿಕ್ಸಿ ರಿಪೇರಿ ಮಾಡಿದ್ದು ಸಾಕು, ನಮ್ಮದೇ ಒಂದು ಅಂಗಡಿ ಮಾಡುತ್ತೇನೆ ಎಂದು ಮಗಳು ಹುಟ್ಟಿದ ವರ್ಷ ಮಾತು ಕೊಟ್ಟಿದ್ದಿರಿ. ಅವಳೀಗ ಕಾಲೇಜಿಗೆ ಹೋಗುತ್ತಾಳೆ. ನೀವಿನ್ನೂ ವ್ಯಾಪಾರ ಮಾಡುವುದು ಹೇಗೆಂದು ಪಾಡ್‌ಕಾಸ್ಟ್ ಕೇಳುತ್ತಿದ್ದೀರಿ.

ನೀವು ಕಳಿಸಿದ್ದನ್ನೆಲ್ಲ ಫ್ಯಾಕ್ಟರಿ ಬಸ್ಸಿನಲ್ಲಿ ನಾನೂ ಕೇಳಿದೆ. ಗಿರಾಕಿಗಳ ಜೊತೆ ಮಾತಾಡುವುದರ ಬಗ್ಗೆ ಇರುವುದು ನಿಜಕ್ಕೂ ಚೆನ್ನಾಗಿದೆ. ಬೆಳಗಿನ ಜಾವ ಎದ್ದರೆ ಬದುಕೇ ಬದಲಾಗುತ್ತದೆ ಎನ್ನುವವನು ಮಾತ್ರ ಒಮ್ಮೆ ನನ್ನನ್ನು ನೋಡಬೇಕಿತ್ತು.

ಸಂಜೆ, ನೀವು ಬಾಡಿಗೆಗೆ ಕೇಳಿಟ್ಟಿದ್ದ ರಸ್ತೆ ಮೂಲೆಯ ಖಾಲಿ ಮಳಿಗೆಯ ಮಾಲೀಕರು ಬಂದಿದ್ದರು. ಬೇಕೋ ಬೇಡವೋ ಇವತ್ತೇ ಹೇಳಬೇಕಂತೆ, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತಾರಂತೆ. ಅವರು ಬಾಗಿಲು ಬಡಿದದ್ದು ನಿಮಗೆ ಕೇಳಿಸಲಿಲ್ಲ. ಬಂದ ಅವಕಾಶವನ್ನು ಬಿಡದೆ ಹಿಡಿಯುವುದು ಹೇಗೆ ಎಂಬುದನ್ನು ಕೇಳುತ್ತ ಹಿತ್ತಲಲ್ಲಿ ಓಡಾಡುತ್ತಿದ್ದಿರಿ.

"ಯಜಮಾನ್ರು ಏನಂತಾರಮ್ಮ?" ಅಂದರು.

"ಅವರಿನ್ನೂ ಕಲೀತಾ ಇದಾರೆ, ಕೀಲಿ ನನ್ನ ಕೈಗೇ ಕೊಡಿ" ಅಂದೆ.

ಅಂದದ್ದೇನೋ ಅಂದೆ. ಊಟದ ಹೊತ್ತಿಗೆ ನಿಮಗೆ ಹೇಳೋಣವೆಂದು ಕೂತವಳು ಇನ್ನೊಂದು ಸೌಟು ಸಾರು ಬಡಿಸಿ ಎದ್ದುಬಿಟ್ಟೆ. ಈಗ ನಿದ್ದೆಯೂ ಹತ್ತುತ್ತಿಲ್ಲ. ನೀರು ಕುಡಿದೆ, ಮಗಳಿಗೆ ಹೊದಿಸಿದೆ, ಬೀಗ ಹಾಕಿದೆಯಾ ಎಂದು ಎದ್ದು ನೋಡಿದೆ, ಮತ್ತೆ ಇಲ್ಲೇ ಬಂದು ಕೂತೆ.

ನನಗೆ ಬೆಳಗಿನ ಪಾಳಿ, ನೀವು ಏಳುವಷ್ಟರಲ್ಲಿ ಹೋಗಿರುತ್ತೇನೆ. ತಿಂಡಿ ಒಲೆಯ ಪಕ್ಕ ಮುಚ್ಚಿಟ್ಟಿದ್ದೇನೆ, ತಿಂದು ಹೋಗಿ ಮಳಿಗೆ ಗುಡಿಸಿ. ಅಲ್ಲಿ ಮೊದಲು ನಮ್ಮ ಮನೆಯ ಮಿಕ್ಸಿ ರಿಪೇರಿ ಮಾಡಿ, ಅದು ಕೆಟ್ಟು ತಿಂಗಳಾಯಿತು.

ಕೀಲಿ ಈ ಚೀಟಿಯ ಮೇಲಿದೆ. ನಿಮ್ಮ ಮಾತನ್ನು ನಾನು ಉಳಿಸಿದ್ದೇನೆ.