ಹಿತ್ತಲ ಮಾಡಿನ ಸೋಲಾರ್ ಪ್ಯಾನೆಲ್

ಪ್ರೀತಿಯ ಅಪ್ಪನಿಗೆ,

ಕಡಲ ದಂಡೆಯ ಹಳೆಯ ಕಟ್ಟಡಗಳ ಅಂದ ಕೆಡುತ್ತದೆ, ಅವುಗಳ ಮೇಲೆ ಸೋಲಾರ್ ಪ್ಯಾನೆಲ್ ಕೂಡದೆಂದು ನೀವು ಸಹಿ ಹಾಕಿದ ಆದೇಶ ನನ್ನ ಹೆರಿಗೆ ಆಸ್ಪತ್ರೆಗೂ ಬಂತು. ಅಧಿಕಾರಿಯಾದ ನಿಮಗೆ ಮೂರು ಸಲ ಉತ್ತರ ಬರೆದು ಹರಿದು ಹಾಕಿದೆ. ಇದು ಮಗಳು ಬರೆಯುತ್ತಿರುವುದು.

ನಿನ್ನೆ ಮಧ್ಯಾಹ್ನ ಗಾಳಿಗೆ ತಂತಿ ಕಡಿದು ಕರೆಂಟ್ ಹೋಯಿತು. ತಿಂಗಳು ತುಂಬದೆ ಹುಟ್ಟಿದ ಕೂಸೊಂದು ಕಾವಿನ ಪೆಟ್ಟಿಗೆಯಲ್ಲಿತ್ತು. ಜನರೇಟರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ತಾಯಿಗೆ ಆಪರೇಷನ್ ಆಗಿ ಜ್ವರ ಬೇರೆ. ನಾನೂ ನರ್ಸಮ್ಮನೂ ಕೂಸನ್ನು ಸರದಿಯಂತೆ ಎದೆಗವಚಿಕೊಂಡು ನಾಲ್ಕು ಗಂಟೆ ಕೂತೆವು.

"ಡಾಕ್ಟ್ರೇ, ಉಸಿರಾಡ್ತಾ ಇದೆಯಾ?" ಎಂದು ತಾಯಿ ಪಕ್ಕದ ಹಾಸಿಗೆಯಿಂದ ಕೇಳುತ್ತಲೇ ಇದ್ದಳು.

"ಆಡ್ತಾ ಇದೆ, ನೀನು ಮಲಗು ತಾಯಿ" ಎನ್ನುತ್ತಿದ್ದೆ. ಪ್ರತಿ ಸಲವೂ ಮೊದಲು ಬಗ್ಗಿ ನೋಡಿಕೊಂಡೇ ಹೇಳುತ್ತಿದ್ದೆ.

ಕೂಸು ಉಳಿಯಿತು. ನನಗೆ ಮಾತ್ರ ಈಗಲೂ ಕೂತಲ್ಲಿ ಕೂರಲಾಗುತ್ತಿಲ್ಲ.

ತರಿಸಿಟ್ಟು, ನಿಮ್ಮ ಆದೇಶದಿಂದಾಗಿ ಜಗಲಿಯಲ್ಲೇ ಬಿದ್ದಿದ್ದ ಪ್ಯಾನೆಲ್‌ಗಳನ್ನು ಇವತ್ತು ಬೆಳಿಗ್ಗೆ ಹಿತ್ತಲ ಕಡೆಯ ಮಾಡಿಗೆ ಹತ್ತಿಸಿಬಿಟ್ಟೆ. ಒಂದು ಹೆಂಚೂ ಒಡೆದಿಲ್ಲ, ಗೋಡೆಗೆ ಮೊಳೆ ಹೊಡೆದಿಲ್ಲ. ನನ್ನ ಮೇಲೆ ಕ್ರಮ ಕೈಗೊಳ್ಳಿ, ಮುಲಾಜು ಬೇಡ. ಆದರೆ ತೆಗೆಸಲು ಆಳು ಕಳಿಸಬೇಡಿ, ನೀವೇ ಬನ್ನಿ. ಹಿತ್ತಲಿಗೆ ಹೋಗಬೇಕಾದರೆ ಆ ಕೂಸಿನ ಕೋಣೆ ದಾಟಬೇಕು. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದುಕೊಂಡು, ಸದ್ದು ಮಾಡದೆ ಬನ್ನಿ.

ನಿಮ್ಮ ಹಟವನ್ನೇ ಪಡೆದು ಹುಟ್ಟಿದ
ಮಗಳು